ದೃಷ್ಟಿಕ್ಷೇತ್ರ ಪರೀಕ್ಷೆ: ರೋಗಿಯ ಬಳಿಗೆ ಬರುವ ಸಾಧನ

ಕಣ್ಣನ್ನು ಕದಲಿಸದೆ ಒಂದೇ ಕಡೆ ನೋಡುತ್ತಿರುವಾಗ ಸುತ್ತಮುತ್ತ ಕಾಣುವ ಒಟ್ಟು ಪ್ರದೇಶಕ್ಕೆ ದೃಷ್ಟಿಕ್ಷೇತ್ರವೆಂದು ಹೆಸರು. ಆರೋಗ್ಯವಂತ ಕಣ್ಣಿಗೆ ಮೂಗಿನ ಕಡೆಗೆ ಸುಮಾರು 60 ಡಿಗ್ರಿ, ಕಿವಿಯ ಕಡೆಗೆ 90 ಡಿಗ್ರಿಗೂ ಮಿಗಿಲಾಗಿ ಕಾಣುತ್ತದೆ. ಗ್ಲಾಕೋಮಾ ರೋಗದಲ್ಲಿ ದೃಷ್ಟಿನರವು ಹಾನಿಗೊಂಡು ಈ ಕ್ಷೇತ್ರ ಕ್ರಮೇಣ ಕುಗ್ಗುತ್ತದೆ. ನಡುವಿನ ದೃಷ್ಟಿ ಬಹುಕಾಲ ಉಳಿಯುವುದರಿಂದ ಪತ್ರಿಕೆ ಓದಲು ತೊಂದರೆಯಾಗದು. ಸಾಮಾನ್ಯವಾಗಿ ನೋವೂ ಇರದು. ಹೀಗಾಗಿ ರೋಗಿಗೆ ತನ್ನ ನಷ್ಟದ ಅರಿವೇ ಇರುವುದಿಲ್ಲ. ಪಕ್ಕದಿಂದ ಬರುವ ವಾಹನ ಕಾಣದಿರುವಷ್ಟರಲ್ಲಿ ರೋಗ ಬಹಳ ಮುಂದುವರಿದಿರುತ್ತದೆ. ಕಳೆದುಹೋದ ದೃಷ್ಟಿ ಮರಳಿ ಬಾರದು. ಉಳಿದಿರುವುದನ್ನು ಔಷಧಿ, ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ ಕಾಪಾಡಬಹುದು. 2010ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 40 ವರ್ಷ ಮೀರಿದ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇದೆ.

ಪರೀಕ್ಷೆಯ ಕ್ರಮ

ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ ಹಂಫ್ರಿ ಯಂತ್ರದಲ್ಲಿ ರೋಗಿಯು ಗಲ್ಲವನ್ನು ಆಧಾರದ ಮೇಲಿರಿಸಿ, ದೊಡ್ಡ ಬೋಗುಣಿಯಂತಹ ಬಿಳಿ ಪರದೆಯ ನಡುವಿನ ಬೆಳಕನ್ನೇ ನೋಡುತ್ತಿರಬೇಕು. ಒಂದು ಕಣ್ಣನ್ನು ಮುಚ್ಚಲಾಗಿರುತ್ತದೆ. ಅಲ್ಲಲ್ಲಿ ಮಿನುಗುವ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿಯನ್ನು ಒತ್ತಬೇಕು. ಹೆಚ್ಚು ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ 54 ಸ್ಥಾನಗಳನ್ನು ಪರಿಶೀಲಿಸಿ, ಯಾವ ಸ್ಥಾನದಲ್ಲಿ ಎಷ್ಟು ಮಂದವಾದ ಬೆಳಕು ಕಾಣುತ್ತದೆಂಬ ನಕ್ಷೆ ಸಿದ್ಧಪಡಿಸಲಾಗುತ್ತದೆ. ಈ ಯಂತ್ರ ದುಬಾರಿ, ಗಾತ್ರದಲ್ಲಿ ದೊಡ್ಡದು. ಅದಕ್ಕೆ ಮಬ್ಬುಗತ್ತಲೆಯ ಕೋಣೆಯೂ ಬೇಕು.

ವರ್ಚುವಲ್ ರಿಯಾಲಿಟಿ ಸಾಧನದಲ್ಲಿ ಇದೇ ತತ್ತ್ವವು ತಲೆಗೆ ಕಟ್ಟಿಕೊಳ್ಳುವ ಕನ್ನಡಕದಂತಹ ಪೆಟ್ಟಿಗೆಯೊಳಗೆ ಅಡಗಿದೆ. ಪ್ರತಿ ಕಣ್ಣಿಗೂ ಪ್ರತ್ಯೇಕ ದೃಶ್ಯ ತೋರಿಸಬಹುದಾದ್ದರಿಂದ ಕಣ್ಣು ಮುಚ್ಚುವ ಅಗತ್ಯ ಅನೇಕ ಸಾಧನಗಳಲ್ಲಿಲ್ಲ. ಹೊರಗಿನ ಬೆಳಕು ಒಳಬಾರದ ಕಾರಣ ಕತ್ತಲೆಯ ಕೋಣೆಯೂ ಬೇಕಿಲ್ಲ. ಬೆನ್ನು ಬಾಗಿದವರು, ಗಾಲಿಕುರ್ಚಿಯಲ್ಲಿರುವವರು ಸಹ ಕುಳಿತಲ್ಲಿಯೇ ಪರೀಕ್ಷೆಗೆ ಒಳಗಾಗಬಹುದು.

ಮುಂಬಯಿಯಂತಹ ನಗರಕ್ಕೆ ಏಕೆ?

ಬೈಕಲಾದ ಜೆ.ಜೆ., ಪರೇಲಿನ ಕೆ.ಇ.ಎಂ. ಮುಂತಾದ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳು ಮುಂಬಯಿಯ ದಕ್ಷಿಣ ಹಾಗೂ ಮಧ್ಯಭಾಗದಲ್ಲಿವೆ. ಜನವಸತಿಯಾದರೋ ವಿರಾರ್, ಬದಲಾಪುರಗಳವರೆಗೆ ಹರಡಿದೆ. ಚರ್ಚ್‌ಗೇಟಿನಿಂದ ವಿರಾರ್ ಸುಮಾರು 60 ಕಿಲೋಮೀಟರ್. ಗ್ಲಾಕೋಮಾ ರೋಗಿಗೆ ಈ ಪರೀಕ್ಷೆ ಒಮ್ಮೆ ಆದರೆ ಸಾಲದು. ರೋಗ ಮುಂದುವರಿಯುತ್ತಿದೆಯೇ ಎಂದು ತಿಳಿಯಲು ವೈದ್ಯರು ಸೂಚಿಸಿದಂತೆ ಪುನಃ ಪುನಃ ಮಾಡಿಸಬೇಕು. ದಿನಗೂಲಿಯವನಿಗೆ ಪ್ರತಿ ಭೇಟಿಯೂ ಒಂದು ದಿನದ ಸಂಪಾದನೆಯ ನಷ್ಟ. ಚೀಲದಲ್ಲಿ ಒಯ್ಯಬಲ್ಲ ಸಾಧನವಾದರೆ ಬಡಾವಣೆಯ ಚಿಕಿತ್ಸಾಲಯಕ್ಕೂ ನೇತ್ರ ತಪಾಸಣಾ ಶಿಬಿರಕ್ಕೂ ಬರಬಲ್ಲದು.

ಭಾಷೆಯೂ ಮುಖ್ಯ. ರೋಗಿಯು ಸೂಚನೆಯನ್ನು ತಪ್ಪಾಗಿ ತಿಳಿದರೆ ಫಲಿತಾಂಶವೂ ತಪ್ಪಾಗುತ್ತದೆ. ಮರಾಠಿ, ಗುಜರಾತಿ, ಕನ್ನಡ, ಹಿಂದಿ, ಉರ್ದು ಮಾತನಾಡುವವರು ಒಂದೇ ಸಾಲಿನಲ್ಲಿ ಕಾಯುವ ಈ ನಗರದಲ್ಲಿ, ಅವರವರ ಭಾಷೆಯಲ್ಲಿ ಸೂಚನೆ ಧ್ವನಿಮುದ್ರಿಸಿ ಕೇಳಿಸುವ ಅನುಕೂಲ ಸಣ್ಣದಲ್ಲ.

ಮಿತಿಗಳು

ಭಾರತದಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯ ವೈದ್ಯರು ಇಂತಹ ಒಂದು ಸಾಧನವನ್ನು ಹಂಫ್ರಿ ಯಂತ್ರದೊಡನೆ ಹೋಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಆರಂಭದ ಹಂತದ ರೋಗಕ್ಕಿಂತ ಮುಂದುವರಿದ ರೋಗವನ್ನು ಸಾಧನವು ಹೆಚ್ಚು ಚೆನ್ನಾಗಿ ಗುರುತಿಸಿತು. ಆದ್ದರಿಂದ ಇಂತಹ ಸಾಧನದಲ್ಲಿ ದೋಷ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ನಿಶ್ಚಿಂತರಾಗಿರಬಾರದು. ಒಂದು ಯಂತ್ರದ ಅಂಕಗಳನ್ನು ಮತ್ತೊಂದರ ಅಂಕಗಳೊಡನೆ ನೇರವಾಗಿ ಹೋಲಿಸುವುದೂ ಸರಿಯಲ್ಲ. ಕಣ್ಣಿನ ಒತ್ತಡ ಹಾಗೂ ದೃಷ್ಟಿನರದ ಪರೀಕ್ಷೆಗಳನ್ನು ಸೇರಿಸಿಯೇ ವೈದ್ಯರು ರೋಗವನ್ನು ನಿರ್ಧರಿಸುತ್ತಾರೆ.

ಗಮನಿಸಿ

- 40 ವರ್ಷ ದಾಟಿದವರು, ವಿಶೇಷವಾಗಿ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇರುವವರು, ತೊಂದರೆ ಕಾಣದಿದ್ದರೂ ನೇತ್ರವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು.
- ಪರೀಕ್ಷೆಯ ವೇಳೆ ಎಲ್ಲ ಚುಕ್ಕಿಗಳೂ ಕಾಣುವುದಿಲ್ಲ. ಗಾಬರಿಪಡದೆ, ಕಂಡಾಗ ಮಾತ್ರ ಗುಂಡಿ ಒತ್ತಬೇಕು.
- ಹಿಂದಿನ ವರದಿಗಳನ್ನು ಜೋಪಾನವಾಗಿರಿಸಿ, ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಬೇಕು.
- ಕಣ್ಣಿಗೆ ಹಾಕುವ ಔಷಧಿಯನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.