ಕರ್ನಲ್ ಕಂಪೈಲ್ ಅರ್ಧಕ್ಕೆ ನಿಂತಿತೇ? ಮೊದಲ ದೋಷವನ್ನು ಹುಡುಕಿ

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಸೋರ್ಸ್ ಕೋಡನ್ನು ಯಾರು ಬೇಕಾದರೂ ಪಡೆದು, ತಮ್ಮ ಗಣಕಯಂತ್ರಕ್ಕೆ ತಕ್ಕಂತೆ ಕಂಪೈಲ್ ಮಾಡಿಕೊಳ್ಳಬಹುದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶದ ಕೋಡ್ ಈಗ 3 ಕೋಟಿ ಸಾಲುಗಳನ್ನು ದಾಟಿದೆ. ಹಳೆಯ ಯಂತ್ರದಲ್ಲಿ ಕಂಪೈಲ್ ಗಂಟೆಗಟ್ಟಲೆ ಸಾಗುತ್ತದೆ. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಪರದೆಯ ಮೇಲೆ 'ಎರರ್ 2' ಎಂಬ ಸಾಲು ಮೂಡಿ ಎಲ್ಲವೂ ನಿಂತುಬಿಡುವುದುಂಟು.

ಹೊಸಬರು ಎಡವುವುದು ಇಲ್ಲಿಯೇ. ಆ ಕೊನೆಯ ಸಾಲಿಗೆ ಅರ್ಥ ಹುಡುಕಿ ಫಲವಿಲ್ಲ. ಕೆಳಹಂತದ ಯಾವುದೋ ಕೆಲಸ ವಿಫಲವಾಯಿತೆಂದು 'ಮೇಕ್' ಎಂಬ ನಿರ್ವಾಹಕ ತಂತ್ರಾಂಶ ನೀಡುವ ವರದಿ ಮಾತ್ರ ಅದು. ಏಕಕಾಲದಲ್ಲಿ ಎಂಟು-ಹತ್ತು ಕಡತಗಳು ಕಂಪೈಲ್ ಆಗುತ್ತಿರುವಾಗ ಒಂದು ಕೆಟ್ಟರೂ ಉಳಿದವು ತಮ್ಮ ಪಾಡಿಗೆ ಸಂದೇಶ ಮುದ್ರಿಸುತ್ತವೆ; ನಿಜವಾದ ದೋಷ ನೂರಾರು ಸಾಲು ಮೇಲಕ್ಕೆ ಸರಿದಿರುತ್ತದೆ. ಏನನ್ನೂ ಅಳಿಸದೆ, ಒಂದು ಬಾರಿಗೆ ಒಂದೇ ಕೆಲಸವೆಂಬಂತೆ 'ಮೇಕ್' ಆದೇಶವನ್ನು ಮತ್ತೆ ನೀಡುವುದು ಸುಲಭೋಪಾಯ. ಸಿದ್ಧವಾದ ಕಡತಗಳನ್ನು ಅದು ಮುಟ್ಟುವುದಿಲ್ಲ. ಕೆಟ್ಟ ಜಾಗಕ್ಕೇ ಬಂದು ನಿಲ್ಲುತ್ತದೆ. ಗಾಬರಿಯಲ್ಲಿ 'ಮೇಕ್ ಕ್ಲೀನ್' ಎಂದರೆ ಗಂಟೆಗಳ ಶ್ರಮ ನೀರುಪಾಲು. 'ಮೇಕ್ ಎಂಆರ್‌ಪ್ರಾಪರ್' ಎಂದರಂತೂ ಆಯ್ಕೆಗಳನ್ನು ಬರೆದಿಟ್ಟ ಕಾನ್ಫಿಗ್ ಕಡತವೂ ಅಳಿಸಿಹೋಗುತ್ತದೆ. ಅದರ ಪ್ರತಿಯೊಂದನ್ನು ಬೇರೆಡೆ ಇಟ್ಟಿರಬೇಕು.

ಕಡತವೇ ಇಲ್ಲವೆಂಬ ದೂರು ಸಾಮಾನ್ಯ. ಓಪನ್‌ಎಸ್‌ಎಸ್‌ಎಲ್ ಯಂತ್ರದಲ್ಲಿದ್ದರೂ ಕಂಪೈಲರ್ ಇಲ್ಲವೆನ್ನುತ್ತದೆ. ಓಡಿಸಲು ಬೇಕಾದ ಭಾಗ ಬೇರೆ, ಕಂಪೈಲ್ ಮಾಡಲು ಬೇಕಾದ ಹೆಡರ್ ಕಡತಗಳು ಬೇರೆ. ಡೆಬಿಯನ್, ಉಬುಂಟುಗಳಲ್ಲಿ ಹೆಸರಿನ ಕೊನೆಗೆ 'ಡೆವ್' ಎಂದೂ ಫೆಡೋರಾದಲ್ಲಿ 'ಡೆವೆಲ್' ಎಂದೂ ಇರುವ ಪ್ಯಾಕೇಜನ್ನು ಸೇರಿಸಿದರೆ ದೋಷ ನೀಗುತ್ತದೆ. ಉಬುಂಟುವಿನ ಕಾನ್ಫಿಗ್ ಕಡತವನ್ನೇ ನಕಲು ಮಾಡಿದವರಿಗೆ ಪ್ರಮಾಣಪತ್ರದ ಕಡತ ಸಿಗಲಿಲ್ಲವೆಂಬ ದೋಷ ಎದುರಾಗುವುದುಂಟು. ಆ ಪ್ರಮಾಣಪತ್ರ ಉಬುಂಟು ತಯಾರಕರ ಬಳಿ ಇರುತ್ತದೆಯೇ ಹೊರತು ಮೂಲ ಕೋಡಿನಲ್ಲಿಲ್ಲ. ಕಾನ್ಫಿಗ್‌ನಲ್ಲಿ ಅದರ ಹೆಸರಿರುವ ಜಾಗವನ್ನು ಖಾಲಿ ಬಿಟ್ಟರೆ ಸಾಕು.

ನಿನ್ನೆಯವರೆಗೆ ಸರಿಯಿದ್ದ ಕೋಡು ಇಂದು ಕೆಡುವುದು ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಇಲ್ಲಿ ಬದಲಾಗಿರುವುದು ಬಹುಪಾಲು ಕಂಪೈಲರ್. 2020ರಲ್ಲಿ ಜಿಸಿಸಿ 10 ಬಂದಾಗ, ಒಂದೇ ಚರಾಂಕ ಎರಡು ಕಡೆ ಘೋಷಿತವಾಗಿದ್ದ ಹಳೆಯ ಕರ್ನಲ್‌ಗಳು ಜೋಡಣೆಯ ಹಂತದಲ್ಲಿ ಮುಗ್ಗರಿಸಿದವು. 2025ರ ಜಿಸಿಸಿ 15, ಸಿ ಭಾಷೆಯ ಸಿ23 ಮಾನಕವನ್ನು ತಾನಾಗಿಯೇ ಅನುಸರಿಸತೊಡಗಿತು. ಆ ಮಾನಕದಲ್ಲಿ 'ಫಾಲ್ಸ್' ಎಂಬುದು ಭಾಷೆಯದೇ ಮೀಸಲು ಪದ. ಅದನ್ನು ತಾವೇ ವ್ಯಾಖ್ಯಾನಿಸಿಕೊಂಡಿದ್ದ ಹಳೆಯ ಕರ್ನಲ್‌ಗಳು ನಿಂತವು. ಇಂಥಲ್ಲಿ ಕೋಡು ತಿದ್ದಲು ಹೊರಡುವುದು ವ್ಯರ್ಥ ಸಾಹಸ. ಅದೇ ಸರಣಿಯ ಇತ್ತೀಚಿನ ಪರಿಷ್ಕೃತ ಆವೃತ್ತಿಯನ್ನು ತರುವುದು, ಇಲ್ಲವೇ ಹಳೆಯ ಜಿಸಿಸಿಯನ್ನು ಜತೆಗೆ ಅಳವಡಿಸಿಕೊಳ್ಳುವುದು ಲೇಸು.

ದೋಷ ಪ್ರತಿ ಬಾರಿಯೂ ಒಂದೇ ಕಡತದಲ್ಲಿ ಕಂಡರೆ ಅದು ತಂತ್ರಾಂಶದ್ದು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕಂಪೈಲರ್ ಕುಸಿಯುತ್ತಿದ್ದರೆ ಯಂತ್ರಾಂಶವನ್ನೇ ಶಂಕಿಸಬೇಕು. 1990ರ ದಶಕದಲ್ಲಿ 'ಸಿಗ್ನಲ್ 11' ಎಂಬ ಸಂದೇಶದೊಡನೆ ಕಂಪೈಲ್ ನಿಂತಾಗ ಎಷ್ಟೋ ಸಲ ಸಿಕ್ಕಿಬಿದ್ದ ಕಳ್ಳ ರ್‍ಯಾಮ್. ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿದರೆ ಸಂಶಯ ಬಹುಮಟ್ಟಿಗೆ ಪರಿಹಾರವಾಗುತ್ತದೆ. 'ಕಿಲ್ಡ್' ಎಂಬ ಒಂದೇ ಪದ ಕಂಡರೆ, ಸ್ಮೃತಿ ಸಾಲದೆ ವ್ಯವಸ್ಥೆಯೇ ಕಂಪೈಲರನ್ನು ಕೊನೆಗೊಳಿಸಿರುವ ಸಾಧ್ಯತೆ ಹೆಚ್ಚು. ಒಟ್ಟಿಗೆ ನಡೆಯುವ ಕೆಲಸಗಳ ಸಂಖ್ಯೆಯನ್ನು ತಗ್ಗಿಸಬೇಕು.

ಕಂಪೈಲ್ ಯಶಸ್ವಿಯಾದ ಮಾತ್ರಕ್ಕೆ ಯಂತ್ರ ಬೂಟ್ ಆಗುವುದೆಂಬ ಭರವಸೆಯಿಲ್ಲ. ಡಿಸ್ಕ್‌ನ ಡ್ರೈವರ್ ಆಯ್ಕೆಯಲ್ಲಿ ತಪ್ಪಿಹೋಗಿದ್ದರೆ ಹೊಸ ಕರ್ನಲ್ ಆರಂಭದಲ್ಲೇ ಕೈಕೊಡುತ್ತದೆ. ಹೊಸದು ಒಂದೆರಡು ದಿನ ಸರಿಯಾಗಿ ನಡೆಯುವವರೆಗೂ ಹಳೆಯ ಕರ್ನಲನ್ನು ಗ್ರಬ್ ಪಟ್ಟಿಯಿಂದ ತೆಗೆಯಬಾರದು.