ಪತ್ತಿ ಇಲ್ಲದ ಖಾರದ ಚಹಾ



ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಕಡೆ ಚಳಿ ಜೋರು. ಆಳಂದದ ಹೊಲಗಳಲ್ಲಿ ತೊಗರಿ ರಾಶಿ ನಡೆದಿರುತ್ತದೆ. ಅಫಜಲಪುರ, ಜೇವರ್ಗಿ ಕಡೆ ಭೀಮಾ ದಂಡೆಯ ಊರುಗಳಲ್ಲಿ ತಣ್ಣನೆ ಗಾಳಿ ಬೀಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಉಂಡವರು ನಾವು. ಹೀಗಾಗಿ ಸ್ವಲ್ಪ ಚಳಿಯೂ ನಮಗೆ ಹೆಚ್ಚೇ.

ಹೊತ್ತು ಮುಳುಗುವಾಗ ಹೊಲದಿಂದ ಬರುತ್ತೇವೆ. ಒಲೆ ಮುಂದೆ ಕೂಡುತ್ತೇವೆ. ಆಗ ಮೊದಲು ನೆನಪಾಗುವುದು ಚಹಾ. "ಒಂದು ಕಪ್ ಚಾ ಕುಡಿದ್ರ ಜೀವ ಬಂದಂಗ ಆಗ್ತದ" ಅಂತೀವಿ. ಆ ಮಾತು ಸುಳ್ಳಲ್ಲ. ಆದರೆ ಆ ಕಪ್ಪಿನಲ್ಲಿ ಏನಿದೆ? ಅದು ನಮ್ಮ ಮೈಯಲ್ಲಿ ಏನು ಮಾಡುತ್ತದೆ? ಬರ್ರಿ, ತಿಳಿಯೋಣ.

ಚಹಾ ಎಲ್ಲಿಂದ ಬಂತು?

ಚಹಾ ಒಂದು ಗಿಡದ ಎಲೆ. ಬ್ರಿಟಿಷರು 1830ರ ನಂತರ ಅಸ್ಸಾಮಿನಲ್ಲಿ ಚಹಾ ತೋಟ ಮಾಡಿದರು. ಆ ಚಹಾ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು. ಆಗ ನಮ್ಮ ದೇಶದ ಜನರಿಗೆ ಚಹಾದ ರೂಢಿ ಕಡಿಮೆ ಇತ್ತು. 1903ರಲ್ಲಿ ಸರಕಾರ ಹೊರಗೆ ಹೋಗುವ ಚಹಾದ ಮೇಲೆ ಒಂದು ಕರ ಹಾಕಿತು. ಆ ಹಣದಿಂದ ಚಹಾದ ಪ್ರಚಾರ ನಡೆಯಿತು. ನಿಧಾನವಾಗಿ ಚಹಾ ಊರೂರಿಗೂ ಬಂತು. ಶುಂಠಿ, ಮೆಣಸು, ಜೀರಿಗೆ ಕುದಿಸಿ ಕುಡಿಯುವ ಕಷಾಯ ಮಾತ್ರ ಅದಕ್ಕಿಂತ ಬಹಳ ಹಳೆಯದು.

ನಿದ್ದೆಯ ಮಾತು

ಚಹಾಪುಡಿಯಲ್ಲಿ, ಅಂದರೆ ಪತ್ತಿಯಲ್ಲಿ, ಕೆಫೀನ್ ಎಂಬ ವಸ್ತು ಇದೆ. ಕಾಫಿಯಲ್ಲೂ ಇದೆ. ಚಹಾ ಕುಡಿದಾಗ ದಣಿವು ಮರೆಯುವುದು, ನಿದ್ದೆ ಹಾರುವುದು ಇದರಿಂದಲೇ. ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಪತ್ತಿ ಹೆಚ್ಚು ಹಾಕಿ, ಹೆಚ್ಚು ಹೊತ್ತು ಕುದಿಸಿದರೆ ಅದೂ ಹೆಚ್ಚುತ್ತದೆ.

ಕೆಫೀನ್ ಮೈಯಿಂದ ಬೇಗ ಹೋಗುವುದಿಲ್ಲ. ಸಂಜೆ 6 ಗಂಟೆಗೆ ಚಹಾ ಕುಡಿದೆವು ಅನ್ನೋಣ. ರಾತ್ರಿ 11 ಗಂಟೆಗೂ ಅದರ ಸುಮಾರು ಅರ್ಧ ಭಾಗ ಮೈಯಲ್ಲೇ ಉಳಿದಿರುತ್ತದೆ. ಬಸುರಿಯರಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ನಸುಕಿನಲ್ಲಿ ಎದ್ದು ನೀರು ತರುವವರು, ರೊಟ್ಟಿ ಬಡಿಯುವವರು ನಾವು. ರಾತ್ರಿ ನಿದ್ದೆ ಕೆಟ್ಟರೆ ಮರುದಿನದ ದುಡಿಮೆ ಇನ್ನೂ ಭಾರ. ಆಗ ಮತ್ತೆ ಚಹಾ ಬೇಕು ಅನಿಸುತ್ತದೆ.

ರಕ್ತದ ಮಾತು

ಪತ್ತಿಯಲ್ಲಿ ಒಗರು ಇರುತ್ತದೆ. ನಾಲಿಗೆ ಒಣಗಿದ ಹಾಗೆ ಅನಿಸುವುದು ಆ ಒಗರಿನಿಂದ. ನಮ್ಮ ಊಟದಲ್ಲಿ ಕಬ್ಬಿಣಾಂಶ ಇರುತ್ತದೆ. ಸೊಪ್ಪು, ಬೇಳೆ, ಸಜ್ಜೆಯಿಂದ ಅದು ಸಿಗುತ್ತದೆ. ಊಟದ ಜೊತೆ ಚಹಾ ಕುಡಿದರೆ ಈ ಒಗರು ಕಬ್ಬಿಣಾಂಶವನ್ನು ಹಿಡಿದು ಕಟ್ಟಿಹಾಕುತ್ತದೆ. ಆಗ ಅದು ನಮ್ಮ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಉಂಡರೂ ಉಣ್ಣದ ಹಾಗೆ!

ನಮ್ಮ ರಾಜ್ಯದಲ್ಲಿ 2019–21ರಲ್ಲಿ ಆರೋಗ್ಯ ಸಮೀಕ್ಷೆ ನಡೆಯಿತು. 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂತು. ಇದಕ್ಕೆ ಕಾರಣಗಳು ಹಲವು. ಚಹಾ ಒಂದೇ ಕಾರಣ ಅಲ್ಲ. ಆದರೂ ರಕ್ತ ಕಡಿಮೆ ಇದ್ದವರಿಗೆ ಊಟದ ಹೊತ್ತಿನ ಚಹಾ ಹಾನಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಒಂದು ಸಲಹೆ ಕೊಟ್ಟಿದೆ. ಊಟಕ್ಕೆ ಒಂದು ತಾಸು ಮೊದಲು, ಊಟ ಆಗಿ ಒಂದು ತಾಸಿನ ತನಕ ಚಹಾ, ಕಾಫಿ ಬೇಡ.

ಹಸಿವಿನ ಮಾತು

ಇನ್ನೊಂದು ಮಾತು ನಮ್ಮ ನಮ್ಮಲ್ಲೇ ಆಡಬೇಕು. ಮನೆಯಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ಬುಟ್ಟಿಯಲ್ಲಿ ರೊಟ್ಟಿ ಉಳಿಯುವುದಿಲ್ಲ. "ಇರಲಿ ಬಿಡ್ರಿ, ನಾ ಚಾ ಕುಡೀತೀನಿ" ಅಂತೀವಿ. ಬಿಸಿ ಚಹಾಕ್ಕೆ ಹಸಿವು ಸ್ವಲ್ಪ ಹೊತ್ತು ಅಡಗುತ್ತದೆ. ಹೊಟ್ಟೆಗೆ ಮಾತ್ರ ಏನೂ ಸಿಕ್ಕಿರುವುದಿಲ್ಲ. ಚಹಾ ಊಟ ಅಲ್ಲ. ಕಷಾಯವೂ ಊಟ ಅಲ್ಲ. ದುಡಿದ ಮೈಗೆ ರೊಟ್ಟಿ, ಬೇಳೆ, ಪುಂಡಿಪಲ್ಯ ಬೇಕೇ ಬೇಕು.

ಶುಂಠಿ ಹಾಕಿದರೆ ಸಾಕೇ?

"ನಾವು ಶುಂಠಿ, ಯಾಲಕ್ಕಿ ಹಾಕ್ತೀವಲ್ರೀ" ಎಂದು ಕೇಳಬಹುದು. ಶುಂಠಿ ಹಾಕಿದರೆ ರುಚಿ ಬರುತ್ತದೆ. ಕೆಫೀನ್ ಮಾತ್ರ ಹೋಗುವುದಿಲ್ಲ. ಹಾಲು ಹಾಕಿದರೂ ಹೋಗುವುದಿಲ್ಲ.

ಕಾರ್ಖಾನೆಯಲ್ಲಿ ಕೆಫೀನ್ ತೆಗೆಯಬಹುದು. 1906ರಲ್ಲಿ ಜರ್ಮನಿ ದೇಶದ ಬ್ರೆಮೆನ್ ಪಟ್ಟಣದಲ್ಲಿ ಅಂಥ ಕಾಫಿಯ ಕಂಪನಿ ಶುರುವಾಯಿತು. ಈಗ ಅಂಥ ಚಹಾಪುಡಿಯೂ ಸಿಗುತ್ತದೆ. ಬೆಲೆ ಹೆಚ್ಚು. ಅದರಲ್ಲೂ ಚೂರು ಕೆಫೀನ್ ಉಳಿದಿರುತ್ತದೆ. ನಮಗೆ ಸುಲಭ ದಾರಿ ಇದೆ. ಸಂಜೆಯ ಚಹಾದಿಂದ ಪತ್ತಿಯನ್ನೇ ಬಿಡುವುದು. ಖಾರ, ಸಿಹಿ, ಬಿಸಿ ಎಲ್ಲ ಉಳಿಸಿಕೊಳ್ಳುವುದು.

ಮಾಡುವುದು ಹೇಗೆ?

ಮೊದಲು ಪುಡಿ ಮಾಡಿ ಇಡೋಣ. ಬೇಕಾಗುವ ಸಾಮಾನು:

ಹವೀಜ – 4 ಚಮಚ
ಜೀರಿಗೆ – 2 ಚಮಚ
ಕರಿಮೆಣಸು – 1 ಚಮಚ
ಒಣಶುಂಠಿ ಪುಡಿ – 1 ಚಮಚ
ಯಾಲಕ್ಕಿ – 4

ಹವೀಜ, ಜೀರಿಗೆ, ಮೆಣಸನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಘಮ ಬಂದ ಕೂಡಲೇ ಇಳಿಸಿರಿ. ಕರಕು ಆದರೆ ಕಹಿ ಆಗುತ್ತದೆ. ಆರಿದ ಮೇಲೆ ಯಾಲಕ್ಕಿ ಸೇರಿಸಿ ಕುಟ್ಟಿರಿ. ಶುಂಠಿ ಪುಡಿ ಕಲಸಿ ಒಣ ಡಬ್ಬಿಯಲ್ಲಿ ತುಂಬಿಡಿರಿ.

ನಾಲ್ಕು ಕಪ್ ನೀರಿಗೆ ಒಂದು ಚಮಚ ಪುಡಿ ಹಾಕಿರಿ. ಐದು ನಿಮಿಷ ಕುದಿಸಿರಿ. ಬೆಲ್ಲ ಹಾಕಿ ಕರಗಿಸಿರಿ. ಒಲೆಯಿಂದ ಇಳಿಸಿ ಸೋಸಿರಿ. ಹಾಲು ಬೇಕಾದವರು ಬೇರೆ ಕಾಯಿಸಿದ ಹಾಲನ್ನು ಕೊನೆಗೆ ಸೇರಿಸಿರಿ. ಬೆಲ್ಲದ ಜೊತೆ ಹಾಲು ಕುದಿಸಿದರೆ ಒಡೆಯಬಹುದು. ಹಾಲು ಇಲ್ಲದಿದ್ದರೆ ನಿಂಬೆರಸ ಹಿಂಡಿರಿ. ಅದೂ ರುಚಿಯೇ. ಹಿತ್ತಲಲ್ಲಿ ತುಳಸಿ ಇದ್ದರೆ ನಾಲ್ಕು ಎಲೆ ಹಾಕಿರಿ.

ಮೆಣಸು, ಶುಂಠಿಯ ಖಾರ ಗಂಟಲಿಗೆ ಇಳಿದಾಗ ಎದೆ ಬೆಚ್ಚಗಾದಂತೆ ಅನಿಸುತ್ತದೆ. ಒಲೆ ಸುತ್ತ ಕೂತು, ಅತ್ತೆ ಸೊಸೆ, ನೆರೆಹೊರೆ ಮಾತಾಡುತ್ತ ಗುಟುಕು ಗುಟುಕಾಗಿ ಕುಡಿಯಿರಿ. ಸಂಜೆಯ ಸುಖ ಎಲ್ಲಿಯೂ ಹೋಗಿರುವುದಿಲ್ಲ. ರಾತ್ರಿ ನಿದ್ದೆಗೂ ಕೆಫೀನಿನ ಕಾಟ ಇಲ್ಲ.

ಇವು ನೆನಪಿರಲಿ

1. ಅಂಗನವಾಡಿಯಲ್ಲಿ, ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಗುಳಿಗೆಯನ್ನು ನೀರಿನ ಜೊತೆ ನುಂಗಿರಿ. ಚಹಾ ಬ್ಯಾಡ್ರಿ. ಕಷಾಯದ ಜೊತೆಯೂ ಬ್ಯಾಡ್ರಿ.
2. ಹೊಟ್ಟೆ ಉರಿ, ಎದೆ ಉರಿ ಇದ್ದವರು ಮೆಣಸು ಕಡಿಮೆ ಮಾಡಿರಿ. ಬಸುರಿಯರು ಖಾರ ಹಗುರ ಇರಿಸಿ, ದಿನಕ್ಕೆ ಒಂದು ಕಪ್ಪಿಗೆ ನಿಲ್ಲಿಸಿರಿ.
3. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲವೂ ಸಕ್ಕರೆಯ ಹಾಗೆಯೇ. ಅವರು ಬೆಲ್ಲ ಇಲ್ಲದೆ ಕುಡಿಯಲಿ.
4. ಆರು ತಿಂಗಳ ಒಳಗಿನ ಕೂಸಿಗೆ ತಾಯಿ ಹಾಲು ಮಾತ್ರ. ಕಷಾಯ ಕುಡಿಸಬೇಡಿರಿ.
5. ಕಷಾಯ ಔಷಧ ಅಲ್ಲ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಸರಕಾರಿ ಆಸ್ಪತ್ರೆಗೆ ಹೋಗಿರಿ. ಕಫದ ಪರೀಕ್ಷೆ ಅಲ್ಲಿ ಪುಕ್ಕಟೆ.

ಬೆಳಗಿನ ಚಹಾ ಬಿಡಿರಿ ಎಂದು ನಾವು ಹೇಳುತ್ತಿಲ್ಲ. ಊಟದಿಂದ ದೂರ ಇಟ್ಟು ಒಂದೆರಡು ಕಪ್ ಕುಡಿಯೋಣ. ಸಂಜೆಗೆ ಪತ್ತಿ ಇಲ್ಲದ ಖಾರದ ಚಹಾ ಇರಲಿ.

ಓದಿರಿ, ಮಾತಾಡಿರಿ

1. ನಿಮ್ಮ ಮನೆಯಲ್ಲಿ ದಿನಕ್ಕೆ ಯಾರು ಎಷ್ಟು ಕಪ್ ಚಹಾ ಕುಡಿಯುತ್ತಾರೆ? ಬರೆಯಿರಿ.
2. ಊಟಕ್ಕೂ ಚಹಾಕ್ಕೂ ಎಷ್ಟು ಹೊತ್ತು ಅಂತರ ಇರಬೇಕು?
3. ನಿಮ್ಮ ಅವ್ವ, ಆಯಿ ಕಷಾಯಕ್ಕೆ ಏನೇನು ಹಾಕುತ್ತಿದ್ದರು? ಕೇಳಿ ಬರೆದು ತರ್ರಿ.