ರೇಷ್ಮೆ ಬೆಳೆಯ ಕೂಡು ಕೆಲಸಕ್ಕೆ ಗೋಡೆಪಟ

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯ ಆಸುಪಾಸಿನ ರೈತರಿಗೆ ಮುಯ್ಯಾಳು ಪದ್ಧತಿ ಹೊಸದಲ್ಲ. ರಾಗಿ ಕೊಯ್ಲಿಗೆ ಮುಯ್ಯಾಳು ಎರಡು ದಿನ ತಡವಾಗಿ ಬಂದರೂ ಹೇಗೋ ನಡೆದೀತು. ಆದರೆ ರೇಷ್ಮೆಹುಳು ಕಾಯುವುದಿಲ್ಲ. ಹಣ್ಣಾದ ಹುಳುವಿಗೆ ಸಕಾಲಕ್ಕೆ ಚಂದ್ರಿಕೆ ಸಿಗದಿದ್ದರೆ ನೂಲು ವ್ಯರ್ಥವಾಗಿ ಗೂಡು ಕೆಡುತ್ತದೆ. ಆದ್ದರಿಂದ ಚಂದ್ರಿಕೆ ಮತ್ತು ಆಳುಗಳನ್ನು ಹಂಚಿಕೊಳ್ಳುವ ಮನೆಗಳವರು ಇಡೀ ಬೆಳೆಯ ಕೆಲಸವನ್ನು ಎಲ್ಲರಿಗೂ ಕಾಣುವಂತೆ ಗೋಡೆಪಟದಲ್ಲಿ ಬರೆದಿಡುವುದು ಲಾಭಕರ.

ಗೋಡೆಪಟ ಎಂದರೇನು?

ಮೇಲೆ ಅಡ್ಡಲಾಗಿ ದಿನಗಳು, ಎಡಕ್ಕೆ ಒಂದರ ಕೆಳಗೊಂದು ಕೆಲಸಗಳು. ಕೆಲಸ ಎಷ್ಟು ದಿನದ್ದೋ ಅಷ್ಟು ಉದ್ದದ ಗೆರೆ. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಕಾರ್ಖಾನೆಗಳ ಕೆಲಸಕ್ಕೆ ಇಂತಹ ಪಟಗಳನ್ನು ಬಳಕೆಗೆ ತಂದರು.

ದಿನಗಳ ಲೆಕ್ಕ

ಎರಡನೇ ಜ್ವರ ಎದ್ದ ಚಾಕಿ ಹುಳು ತಂದ ದಿನದಿಂದ ಸುಮಾರು 17 ದಿನಕ್ಕೆ ಹುಳು ಹಣ್ಣಾಗುತ್ತದೆ. ಮಿಶ್ರತಳಿಯಲ್ಲಿ ಗೂಡು ಬಿಡಿಸಲು 5-6 ದಿನ, ಚಂದ್ರಿಕೆಗೆ ಅಂಟಿದ ಎಳೆ ತೆಗೆದು, ಸೋಂಕು ನಿವಾರಕದಿಂದ ಶುಚಿಮಾಡಿ ಒಣಗಿಸಲು 2 ದಿನ ಬೇಕು. ಹೀಗೆ ಒಂದು ಮನೆಯಲ್ಲಿ ಚಂದ್ರಿಕೆ 8 ದಿನ ನಿಲ್ಲುತ್ತದೆ. ಆದ್ದರಿಂದ ಎರಡು ಮನೆಗಳು ಚಾಕಿ ಹುಳು ತರುವ ದಿನಗಳ ನಡುವೆ 10 ದಿನಗಳ ಅಂತರವಿರಲಿ. ದ್ವಿತಳಿಯಾದರೆ 12 ದಿನ ಬೇಕು. ಮಿಶ್ರತಳಿ ಮೇಯಿಸುವ ಮೂರು ಮನೆಗಳಿಗೆ 45 ದಿನಗಳ ಪಟ ಸಾಕು.

ಬರೆಯುವ ಕ್ರಮ

1. ಸೊಪ್ಪು ಸಿದ್ಧವಾಗುವ ದಿನ ನೋಡಿ ಪ್ರತಿ ಮನೆಯ ಚಾಕಿ ದಿನವನ್ನು ಗೊತ್ತುಮಾಡಿ.

2. ಹುಳುಮನೆಯ ಸೋಂಕು ನಿವಾರಣೆ, ಮೂರನೇ ಜ್ವರ, ನಾಲ್ಕನೇ ಜ್ವರ, ಹಣ್ಣು ಹುಳು, ಗೂಡು ಬಿಡಿಸುವುದು, ಚಂದ್ರಿಕೆ ಶುಚಿ - ಇವುಗಳಿಗೆ ಕಪ್ಪು ಗೆರೆ ಎಳೆಯಿರಿ.

3. ನಾಲ್ಕನೇ ಜ್ವರ ಎದ್ದ ಹುಳು ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲನ್ನು ತಿನ್ನುತ್ತದೆ. ಆ ವಾರ ಯಾವ ಮನೆಯಿಂದ ಎಷ್ಟು ಮುಯ್ಯಾಳು ಎಂಬುದನ್ನು ಗೆರೆಯ ಮೇಲೆಯೇ ಬರೆಯಿರಿ.

4. ಕೆಲಸ ನಡೆದಂತೆ ಕಪ್ಪು ಗೆರೆಯ ಕೆಳಗೆ ಕೆಂಪು ಗೆರೆ ಎಳೆಯಿರಿ. ಈ ಹೊಣೆ ಒಬ್ಬರಿಗೇ ಇರಲಿ. ದಿನವೂ ಸಂಜೆ ತಪ್ಪಬಾರದು.

ಕೆಂಪು ಗೆರೆಯ ಉಪಯೋಗ

ಪಟದ ನಿಜವಾದ ಪ್ರಯೋಜನ ಇರುವುದು ಇಲ್ಲಿಯೇ. ಚಳಿಯಲ್ಲಿ ಹುಳುಮನೆಯ ಕಾವು ಇಳಿದು ಮೊದಲ ಮನೆಯ ಹುಳು ನಾಲ್ಕನೇ ಜ್ವರದಿಂದ ಮೂರು ದಿನ ತಡವಾಗಿ ಎದ್ದಿತೆನ್ನಿ. ಕೆಂಪು ಗೆರೆ ಕಪ್ಪನ್ನು ಮೀರಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೇ ಮನೆಯವರಿಗೆ ಬೇರೆಡೆಯಿಂದ ಚಂದ್ರಿಕೆ ಹೊಂದಿಸಲು ಸುಮಾರು ಎರಡು ವಾರ ಸಿಗುತ್ತದೆ. ಅದೇ ವಿಷಯ ಒಬ್ಬರ ಪುಸ್ತಕದಲ್ಲೋ ತಲೆಯಲ್ಲೋ ಉಳಿದರೆ, ಹುಳು ಹಣ್ಣಾದ ದಿನ ಜಗಳಕ್ಕೆ ಕಾರಣವಾಗುತ್ತದೆ.

ಎಚ್ಚರಿಕೆ

ಪಟವನ್ನು ಹುಳುಮನೆಯೊಳಗೆ ತೂಗುಹಾಕಬಾರದು. ಅದನ್ನು ನೋಡಲು ಬರುವವರ ಕಾಲಿನೊಡನೆ ರೋಗವೂ ಒಳಬರಬಹುದು. ಒಬ್ಬರ ಮನೆಯ ಜಗುಲಿಯೇ ತಕ್ಕ ಸ್ಥಳ. ದಿನ ಕಡಿಮೆ ಬಿದ್ದಿತೆಂದು ಚಂದ್ರಿಕೆ ಶುಚಿಮಾಡುವ ಎರಡು ದಿನಗಳನ್ನು ಮಾತ್ರ ಎಂದೂ ಮೊಟಕುಗೊಳಿಸಬಾರದು. ರೋಗ ತಗುಲಿದ ಚಂದ್ರಿಕೆ ಒಂದು ಮನೆಯ ನಷ್ಟವನ್ನು ಮೂರು ಮನೆಗೂ ಹಂಚುತ್ತದೆ.

ಒಂದು ದೊಡ್ಡ ಹಾಳೆ, ಎರಡು ಬಣ್ಣದ ಪೆನ್ಸಿಲ್ ಇದ್ದರೆ ಸಾಕು. ರೈತ ಬಾಂಧವರು ಮುಂದಿನ ಬೆಳೆಗೇ ಇದನ್ನು ಅನುಸರಿಸಿ ನೋಡಬಹುದು.